ಶ್ರೀರಂಗಪಟ್ಟಣದಲ್ಲಿ ಅಳುವ ತಾಲೀಮು

ಶ್ರೀರಂಗಪಟ್ಟಣಕ್ಕೆ ಜನ ರಂಗನಾಥನನ್ನು ನೋಡಲು ಹೋಗುತ್ತಾರೆ, ಕಾವೇರಿಯಲ್ಲಿ ಮುಳುಗಿ ಏಳಲು ಹೋಗುತ್ತಾರೆ, ಸುಲ್ತಾನನ ಅರಮನೆಯ ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನು ನೋಡಲು ಹೋಗುತ್ತಾರೆ. ನನ್ನ ಮಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಅಳುವುದನ್ನು ಕಲಿಸಲಿಕ್ಕೆ. ಸುತ್ತ ಹೊಳೆ ಹರಿಯುವ ಆ ಊರಿನ ಕೋಟೆಯೊಳಗೆ, ನೆಲಕ್ಕಿಂತ ಕೆಳಗೆ, ಒಂದು ಹಳೆಯ ಸೆರೆಮನೆ ಇದೆ. ಎಲ್ಲ ಪ್ರವಾಸಿಗಳ ಹಾಗೆ ನಾನೂ ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಅದನ್ನು ನೋಡಿ ಬಂದಿದ್ದೇನೆ. ಈಗಲೂ ಯಾರಾದರೂ ಆ ಊರಿನ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ.

ಚಲೇಜಾವ್ ಚಳವಳಿಯ ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ ಬಂದ ಚಳಿಗಾಲ ಅದು. ನನಗಾಗ ಹತ್ತೊಂಬತ್ತು ವರ್ಷ. ನಮ್ಮವರು ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಅತ್ತೆ ಮಾವ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದರು. ಮದುವೆಯಿಂದ ನನಗೆ ಸಿಕ್ಕಿದ ದೊಡ್ಡ ಸುಖವೆಂದರೆ ಈ ಎರಡು ಊರುಗಳ ನಡುವಿನ ರೈಲುಹಾದಿ. ಕಾರ್ಖಾನೆ ಕೊಟ್ಟ ಎರಡು ಕೋಣೆಯ ಮನೆ ನಮ್ಮದು. ಹೆಂಚಿನ ಮೇಲೆ ಸದಾ ಕರಿ ಪುಡಿ ಕೂತಿರುತ್ತಿತ್ತು. ಒಗೆದು ಹಾಕಿದ ಬಟ್ಟೆ ಒಣಗುವ ಹೊತ್ತಿಗೆ ಮತ್ತೆ ಮಾಸುತ್ತಿತ್ತು. ನಾಲ್ಕು ಮನೆಗೆ ಒಂದೇ ನಲ್ಲಿ. ಆದರೂ ಅಡುಗೆಮನೆ ನನ್ನದಾಗಿತ್ತು, ಉಪ್ಪಿನ ಭರಣಿ ಎಲ್ಲಿಡಬೇಕು ಎನ್ನುವುದನ್ನು ನಾನೇ ತೀರ್ಮಾನಿಸುತ್ತಿದ್ದೆ. ಪಕ್ಕದ ಮನೆಯ ತಮಿಳು ಹೆಂಗಸು ನಲ್ಲಿಯ ಹತ್ತಿರ ನನ್ನ ಕೊಡವನ್ನೂ ಸಾಲಿನಲ್ಲಿಟ್ಟು ಕಾಯುತ್ತಿದ್ದಳು. ಅವಳ ಭಾಷೆ ನನಗೆ ಅರ್ಧ ಬರುತ್ತಿತ್ತು, ನನ್ನದು ಅವಳಿಗೆ ಅರ್ಧ, ಅಷ್ಟರಲ್ಲೇ ನಮ್ಮ ಸಂಸಾರದ ಸುದ್ದಿಯೆಲ್ಲ ಮುಗಿಯುತ್ತಿತ್ತು.

ಈ ಮನೆ ನನ್ನ ಕೈತಪ್ಪಿದ್ದು ಹೀಗೆ. ಒಂದು ದಿನ ಬೆಳಗ್ಗೆ ನಮ್ಮವರು ಎಂದಿನಂತೆ ರೊಟ್ಟಿ ಕಟ್ಟಿಸಿಕೊಂಡು ಹೊರಟರು. ಸಂಜೆ ಮನೆಗೆ ಬಂದದ್ದು ಅವರಲ್ಲ, ಸುದ್ದಿ. ಕಾರ್ಖಾನೆಗೆ ಹೋಗುವ ಬದಲು ಶಿವಮೊಗ್ಗದ ರೈಲು ಹತ್ತಿ, ಅಲ್ಲಿನ ಕೋರ್ಟಿನ ಮುಂದೆ ಬಾವುಟ ಹಿಡಿದು ಕೂಗಿ, ಪೋಲೀಸರ ಲಾರಿ ಏರಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಕಟ್ಟಿಕೊಟ್ಟ ರೊಟ್ಟಿಯನ್ನು ಲಾಕಪ್ಪಿನಲ್ಲಿ ಕೂತು ತಿಂದರಂತೆ. ದೇಶಕ್ಕಾಗಿ ಹೋದರು ಎಂದು ನೆರೆಹೊರೆಯವರು ನನ್ನನ್ನು ಸಮಾಧಾನ ಮಾಡಿದರು. ದೇಶಕ್ಕೆ ಹೋಗುವ ಮನುಷ್ಯ ಹೆಂಡತಿಗೆ ಹೇಳಿ ಹೋಗಬಾರದೆಂದು ಯಾರಾದರೂ ಕಾನೂನು ಮಾಡಿದ್ದಾರೆಯೇ ಎಂದು ನನಗೆ ಕೇಳಬೇಕೆನಿಸಿತ್ತು. ಶಿಕ್ಷೆಯಾಯಿತು, ಮೈಸೂರಿನ ಜೈಲಿಗೆ ಕಳಿಸಿದರು, ಕೆಲಸ ಹೋಯಿತು, ಕೆಲಸದ ಜೊತೆ ಮನೆಯೂ ಹೋಯಿತು. ನನ್ನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಸಿ ಮಾವ ನನ್ನನ್ನು ದುರ್ಗಿಗುಡಿಗೆ ತಂದು ಹಾಕಿದರು.

ಮಾವ ಶಿವಮೊಗ್ಗದಲ್ಲಿ ದೊಡ್ಡ ವಕೀಲರೊಬ್ಬರ ಗುಮಾಸ್ತರು. ಮಗ ಬಾವುಟ ಹಿಡಿದು ನಿಂತದ್ದು ಅವರು ದಿನವೂ ಕಡತ ಹೊತ್ತು ಹತ್ತಿ ಇಳಿಯುತ್ತಿದ್ದ ಮೆಟ್ಟಿಲಿನ ಮುಂದೆಯೇ. ಅವರಿಗೆ ಅದು ಸೆರೆಗಿಂತ ದೊಡ್ಡ ಅವಮಾನ. ವಕೀಲರು ಪುಸ್ತಕ ನೋಡಿ ವಾದಿಸಿದರೆ ಮಾವ ಸಾಕ್ಷಿಗಳನ್ನು ತಯಾರು ಮಾಡುತ್ತಿದ್ದರು. ಅದರಲ್ಲಿ ಅವರದು ಎತ್ತಿದ ಕೈ. ಬೇಲಿ ತಕರಾರಿರಲಿ, ಹೊಡೆದಾಟವಿರಲಿ, ಸಾಕ್ಷಿ ಹೇಳುವವನನ್ನು ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲಿ ನಿಲ್ಲಬೇಕು, ಯಾವ ಪ್ರಶ್ನೆಗೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂಬುದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಕೊನೆಗೆ ಅವನನ್ನು ಜಗಳ ನಡೆದ ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಜಾಗ ಕಣ್ಣಲ್ಲಿ ಕೂತರೆ ಮಾತು ತಾನಾಗಿ ಬರುತ್ತದೆ ಎನ್ನುವುದು ಅವರ ನಂಬಿಕೆ. ಜಾಗ ತೋರಿಸಿದ ಮೇಲೆ ಅವರ ಸಾಕ್ಷಿ ಯಾವತ್ತೂ ತಡಬಡಿಸಿದ್ದಿಲ್ಲವಂತೆ.

ಇನ್ನೊಂದು ವಿಷಯ ಹೇಳಬೇಕು. ಆ ಮನೆಯಲ್ಲಿ ಸೊಸೆ ಮಾವನ ಜೊತೆ ಮಾತಾಡುವ ಹಾಗಿರಲಿಲ್ಲ. ಮಾವನೂ ಸೊಸೆಯ ಜೊತೆ ನೇರ ಮಾತಾಡುತ್ತಿರಲಿಲ್ಲ. ಅವರಿಗೆ ನೀರು ಬೇಕಾದರೆ ಅತ್ತೆಗೆ, "ನೀರು ಬೇಕು ಅಂತ ಹೇಳು" ಎನ್ನುತ್ತಿದ್ದರು. ಅತ್ತೆ ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಬಾಗಿಲಿಗೆ ಉತ್ತರ ಕೊಡುತ್ತಿದ್ದೆ. ಕೇಳಿದರೆ ನಗು ಬರಬಹುದು. ವರ್ಷವಿಡೀ ಕಂಬದ ಮೂಲಕ ಬದುಕಿದವರಿಗೆ ನಗು ಬರುವುದಿಲ್ಲ.

ಮಾಡಿದ್ದು ತಪ್ಪಾಯಿತು, ಇನ್ನು ಇಂಥದ್ದಕ್ಕೆ ಹೋಗುವುದಿಲ್ಲ ಎಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತಾರೆ ಎಂದು ಮಾವ ಕೋರ್ಟಿನಲ್ಲಿ ತಿಳಿದುಕೊಂಡು ಬಂದರು. ಹಾಗೆ ಬರೆದುಕೊಟ್ಟು ಬಂದವರು ಒಬ್ಬಿಬ್ಬರು ಊರಲ್ಲೇ ಇದ್ದರು. ಬೇಗ ಬಂದರೆ ಕೆಲಸವನ್ನೂ ವಾಪಸ್ ಕೊಡಿಸಬಲ್ಲವರು ತಮಗೆ ಗೊತ್ತಿದ್ದಾರೆ ಎಂದು ಮಾವ ಹೇಳಿದರು. ಹಾಗೆಂದರೆ ನನಗೆ ಭದ್ರಾವತಿಯ ಮನೆ, ನನ್ನ ಅಡುಗೆಮನೆ, ನನ್ನ ಉಪ್ಪಿನ ಭರಣಿ. ನಮ್ಮವರು ಬರೆದುಕೊಡಲಿ ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ನಾನು. ಇದನ್ನು ಮುಚ್ಚಿಡುವುದಿಲ್ಲ. ನನಗೆ ದೇಶದ ಮೇಲೆ ದ್ವೇಷವಿರಲಿಲ್ಲ, ಮನೆಯ ಮೇಲೆ ಪ್ರೀತಿಯಿತ್ತು.

ಆದರೆ ಮಗ ಅಪ್ಪನ ಮಾತು ಕೇಳುವುದಿಲ್ಲವೆಂದು ಮಾವನಿಗೆ ಗೊತ್ತಿತ್ತು. ಹೆಂಡತಿ ಎದುರು ನಿಂತು ಅತ್ತರೆ ಕೇಳುತ್ತಾನೆ ಎಂದು ಅವರ ಲೆಕ್ಕ. ಹಾಗಾಗಿ ನನ್ನ ಪಾಠ ಶುರುವಾಯಿತು. ಅವರು ಪಡಸಾಲೆಯ ಬೆಂಚಿನ ಮೇಲೆ, ಅತ್ತೆ ನಡುವೆ, ನಾನು ಅಡುಗೆಮನೆಯ ಬಾಗಿಲ ಹಿಂದೆ.

"ಮೊದಲು ಏನೂ ಮಾತಾಡಬಾರ್ದು ಅಂತ ಹೇಳು. ಅವನ ಕಾಲು ನೋಡ್ಬೇಕು. ನಾನು ಕೆಮ್ಮಿದ ಮೇಲೆ ಶುರು ಮಾಡ್ಬೇಕು."

"ಕೇಳಿಸ್ತಾ?" ಎಂದು ಅತ್ತೆ ನನ್ನ ಕಡೆ ತಿರುಗುತ್ತಿದ್ದರು.

"ಜೋರಾಗಿ ಅಳಬಾರ್ದು. ಜೋರಾಗಿ ಅತ್ತರೆ ಜೈಲಿನೋರು ಎಬ್ಬಿಸಿ ಕಳಿಸ್ತಾರೆ. ಕಣ್ಣಲ್ಲಿ ನೀರು ಬರ್ಬೇಕು, ಮಾತು ನಿಲ್ಲಬಾರ್ದು. ನನಗ್ಯಾರು ದಿಕ್ಕು ಅಂತ ಕೇಳ್ಬೇಕು. ಎಲ್ಲಿ, ಒಂದ್ಸಲ ಮಾಡೋಕೆ ಹೇಳು."

ನಾನು ಬಾಗಿಲ ಹಿಂದೆ ನಿಂತು "ನನಗ್ಯಾರು ದಿಕ್ಕು" ಎಂದೆ. ಅದು ಅಂಗಡಿಯಲ್ಲಿ ಕಾಲು ಸೇರು ಬೆಲ್ಲ ಕೊಡಿ ಎಂದ ಹಾಗಿತ್ತು. ಎಷ್ಟು ಸಲ ಹೇಳಿಸಿದರೂ ಹಾಗೇ ಬಂತು. ಅಳು ಇರಲಿಲ್ಲ ಎಂದಲ್ಲ. ಭದ್ರಾವತಿಯಿಂದ ಬಂದ ದಿನದಿಂದ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಕುಕ್ಕುವಾಗ ನಾನು ಬೇಕಾದಷ್ಟು ಅತ್ತಿದ್ದೆ. ಅದು ನನ್ನ ಅಳು. ಇವರು ಕೆಮ್ಮಿದಾಗ ಬರಬೇಕಾದ ಅಳು ಬೇರೆ, ಅದು ಬರಲೊಲ್ಲದು. ಮಾವ ಬೇಸತ್ತು ಕೊನೆಗೆ ಕಾರಣ ಕಂಡುಹಿಡಿದರು.

"ಜೈಲು ಅಂದ್ರೆ ಏನು ಅಂತ ಇವಳು ನೋಡೇ ಇಲ್ಲ. ಜಾಗ ಕಣ್ಣಿಗೆ ಬಿದ್ದಿಲ್ಲ, ಅದಕ್ಕೆ ಬರ್ತಿಲ್ಲ," ಎಂದು ಅತ್ತೆಗೆ ಹೇಳಿದರು.

ಮೈಸೂರಿನ ಜೈಲಿನಲ್ಲಿ ಭೇಟಿಗೆ ಬಂದವರನ್ನು ಬಾಗಿಲ ಪಕ್ಕದ ಕೋಣೆಯಲ್ಲಿ ಕೂರಿಸುತ್ತಾರಂತೆ, ಒಳಗಿನದು ಕಾಣುವುದಿಲ್ಲ. ಆದರೆ ದಸರೆಗೆ ಹೋಗಿಬಂದಿದ್ದ ವಕೀಲರು ಶ್ರೀರಂಗಪಟ್ಟಣದ ಸೆರೆಮನೆಯನ್ನು ವರ್ಣಿಸಿದ್ದರು. ಅದನ್ನು ನೋಡಿ ಅವರ ಮನೆಯ ಹೆಂಗಸರು ಕಣ್ಣೀರು ಹಾಕಿದರಂತೆ, ಒಬ್ಬಾಕೆಯನ್ನು ಕೈಹಿಡಿದು ಮೇಲೆ ಕರೆತರಬೇಕಾಯಿತಂತೆ. ಮಾವನಿಗೆ ಅಷ್ಟು ಸಾಕಾಯಿತು. ಅಲ್ಲಿ ಯಾರನ್ನು ಸೆರೆ ಹಾಕಿದ್ದರು ಎಂದು ಅವರು ಕೇಳಲಿಲ್ಲ.

ಹೊರಟೆವು. ಅತ್ತೆ ಮಗನಿಗೆಂದು ಎಳ್ಳುಂಡೆ ಕಟ್ಟಿದರು, ದಾರಿಗೆ ರೊಟ್ಟಿ, ಚಟ್ನಿಪುಡಿ. ಶಿವಮೊಗ್ಗ ಬಿಟ್ಟ ಗಾಡಿ ಭದ್ರಾವತಿಯಲ್ಲಿ ನಿಂತಾಗ ನಾನು ಕಿಟಕಿಗೆ ಮುಖ ಹಚ್ಚಿದೆ. ಚಿಮಣಿಗಳು ಕಂಡವು. ಅದರ ಕೆಳಗೆ ಎಲ್ಲೋ ನನ್ನ ಮನೆ. ಅದರಲ್ಲಿ ಈಗ ಬೇರೆ ಯಾರೋ ಹೆಂಗಸು ಒಲೆ ಹಚ್ಚಿರುತ್ತಾಳೆ ಎಂದುಕೊಂಡಾಗ ಕಣ್ಣು ತುಂಬಿಕೊಂಡಿತು. ಮಾವ ಅದನ್ನು ನೋಡಿಬಿಟ್ಟರು.

"ನೋಡು, ಈಗ ಬರ್ತಿದೆ. ಇದನ್ನೇ ನೆನಪಿಟ್ಟುಕೊಳ್ಳೋಕೆ ಹೇಳು," ಎಂದು ಅತ್ತೆಗೆ ಪಿಸುಗುಟ್ಟಿದರು.

ಬಂದದ್ದು ಹಾಗೇ ಒಳಕ್ಕೆ ಹೋಯಿತು. ಕರಿ ಬರುತ್ತದೆಂದು ಅತ್ತೆ ಕಿಟಕಿಯ ಬಾಗಿಲು ಎಳೆದರು. ಬೀರೂರಿನಲ್ಲಿ ಒಮ್ಮೆ, ಅರಸೀಕೆರೆಯಲ್ಲಿ ಒಮ್ಮೆ ಗಾಡಿ ಬದಲಾಯಿಸಿ ಮೈಸೂರು ಸೇರುವವರೆಗೆ ನಾನು ಯಾರ ಮುಖವನ್ನೂ ನೋಡಲಿಲ್ಲ.

ಮೈಸೂರಿನಲ್ಲಿ ಛತ್ರದಲ್ಲಿ ಇಳಿದುಕೊಂಡು ಮಾರನೆಯ ಬೆಳಗ್ಗೆ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದೆವು. ಜೈಲಿನ ಭೇಟಿ ಅದರ ಮರುದಿನಕ್ಕಿತ್ತು. ಅತ್ತೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ಛತ್ರದ ಗಲೀಜಿನಲ್ಲಿ ಪೂಜೆಗೆ ಮನಸ್ಸಾಗಿರಲಿಲ್ಲ, ಹೊಳೆ ಕಂಡದ್ದೇ ತಡ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಜೈಲು ನೋಡೋದೇನಿದೆ? ನಾಳೆ ಮಗನ್ನ ನೋಡೋಕೆ ಬಂದೋಳು ನಾನು. ನೀವು ಹೋಗ್ಬನ್ನಿ," ಎಂದರು.

ಮಾವ ಸ್ವಲ್ಪ ಹೊತ್ತು ಒದ್ದಾಡಿದರು. ಅತ್ತೆ ಬರದಿದ್ದರೆ ನನ್ನ ಜೊತೆ ಮಾತಾಡಲು ಅವರಿಗೆ ಬಾಯಿಯೇ ಇರಲಿಲ್ಲ. ಕೊನೆಗೆ ಕೊಡೆ ಊರಿಕೊಂಡು ಮುಂದೆ ನಡೆದರು. ನಾನು ಹಿಂದೆ ನಡೆದೆ.

ಸೆರೆಮನೆ ಹೊರಗಿನಿಂದ ಏನೂ ಕಾಣುವುದಿಲ್ಲ. ಕೋಟೆಗೋಡೆಯ ಪಕ್ಕ ಹುಲ್ಲು, ಅದರ ನಡುವೆ ಕೆಳಗಿಳಿಯುವ ಮೆಟ್ಟಿಲು. ಒಳಗೆ ಗಾರೆಯ ಕಮಾನುಗಳು, ತಲೆ ತಗುಲುವಷ್ಟು ತಗ್ಗು. ಸುಣ್ಣ ಹೊಡೆದಿದ್ದರು. ಗೋಡೆಯುದ್ದಕ್ಕೂ, ಹೊರಚಾಚುವ ಹಾಗೆ, ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಅವುಗಳಲ್ಲಿ ತೂತು ಕೊರೆದಿದ್ದರು. ತೇವದ ವಾಸನೆ, ಬಾವಲಿಯ ವಾಸನೆ. ಮಂಡ್ಯದ ಕಡೆಯ ಶಾಲೆಯೊಂದರ ಮಕ್ಕಳನ್ನು ಮೇಷ್ಟರೊಬ್ಬರು ಸಾಲು ನಿಲ್ಲಿಸಿ ಎಣಿಸುತ್ತಿದ್ದರು. ಬೆಂಗಳೂರಿನವರೆಂದು ಕಾಣುತ್ತಿದ್ದ ಹೊಸ ಮದುಮಕ್ಕಳು ಕ್ಯಾಮರಾ ತಂದಿದ್ದರು. ಗಂಡ ಹೆಂಡತಿಯನ್ನು ಒಂದು ಚಪ್ಪಡಿಯ ಪಕ್ಕ ನಿಲ್ಲಿಸಿ, ಬೆಳಕು ಸಾಲದು ಎಂದು ಗೊಣಗಿ, ಮತ್ತೊಂದರ ಪಕ್ಕ ನಿಲ್ಲಿಸಿದ. ಅವಳು ಎರಡು ಕಡೆಯೂ ಒಂದೇ ತರ ನಕ್ಕಳು. ಜಾಗ ತೋರಿಸುವ ಮುದುಕನೊಬ್ಬ ಮಾವನ ಜರಿಪೇಟ ಕಂಡು ಹತ್ತಿರ ಬಂದ.

"ಇಲ್ಲಿ ಬನ್ನಿ ಸ್ವಾಮಿ. ಈ ತೂತಲ್ಲಿ ಸರಪಳಿ. ಎರಡು ಕೈನೂ ಹಿಂಗೆ ಅಗಲ ಮಾಡಿ ಕಟ್ಟಾಕೋರು. ಹೊಳೆ ನೀರು ಒಳಕ್ಕೆ ಬಿಟ್ರೆ ಕತ್ತುಗಂಟ ಬರೋದು."

ಮಾವನಿಗೆ ಖುಷಿಯಾಯಿತು. ನನ್ನ ಕಡೆ ನೋಡದೆ, ನನಗೆ ಕೇಳುವ ಹಾಗೆ, ಕೋರ್ಟಿನಲ್ಲಿ ಕೇಳಿಸುವ ಧ್ವನಿಯಲ್ಲಿ ಕೇಳಿದರು.

"ಎಷ್ಟು ದಿನ ಹಾಗೇ ಇಡ್ತಿದ್ರು? ಊಟಗೀಟ ಕೊಡ್ತಿದ್ರಾ? ಹೆಂಡತಿ ಮಕ್ಕಳು ಬಂದ್ರೆ ಬಿಡ್ತಿದ್ರಾ?"

"ಹೆಂಡ್ರು ಮಕ್ಕಳು ಎಲ್ಲಿ ಬರ್ತಾರೆ ಸ್ವಾಮಿ? ಅವರ ಸೀಮೆಯಲ್ಲಿದ್ರು. ಇಲ್ಲಿದ್ದೋರೆಲ್ಲ ಬಿಳೀ ದೊರೆಗಳು. ನಮ್ಮ ಸುಲ್ತಾನ್ರು ಲಡಾಯಿಯಲ್ಲಿ ಹಿಡಿದು ತಂದು ಕಟ್ಟಾಕಿದ್ರು."

"ಬಿಳಿಯರಾ?"

"ಹೂಂ ಸ್ವಾಮಿ, ಇಂಗ್ಲೀಷ್ನೋರು. ಈಗ್ಲೂ ದೊರೆಗಳು ಬಂದ್ರೆ ಇಲ್ಲಿ ಟೋಪಿ ತೆಗೆದು ನಿಲ್ತಾರೆ."

"ನಮ್ಮೋರು ಯಾರೂ ಇರ್ಲಿಲ್ವಾ?" ಮಾವನ ಧ್ವನಿ ಇಳಿದಿತ್ತು.

"ನಮ್ಮೋರ್ನ ಇಲ್ಯಾಕೆ ಕಟ್ತಾರೆ ಸ್ವಾಮಿ?"

ನನಗೆ ನಗು ಉಕ್ಕಿಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಯಾರ ಸರ್ಕಾರ ನನ್ನ ಗಂಡನನ್ನು ಒಳಗೆ ಹಾಕಿತ್ತೋ ಅವರದೇ ಜನ ಇಲ್ಲಿ ನೇತಾಡಿದ್ದರು. ಇದನ್ನು ನೋಡಿ ನಾನು ಅಳಬೇಕೆಂದು ಮಾವ ರೈಲುಚಾರ್ಜು ಕೊಟ್ಟು ಕರೆತಂದಿದ್ದರು. ಎಷ್ಟೋ ತಿಂಗಳ ಮೇಲೆ ನನಗೆ ಹಾಯೆನಿಸಿದ್ದು ಆ ಗಳಿಗೆಯಲ್ಲೇ. ಮನುಷ್ಯರನ್ನು ಕೊಳೆಹಾಕಿದ ಜಾಗದಲ್ಲಿ ಹಾಯೆನಿಸಬಾರದು, ನಿಜ. ನನಗೆ ಎನಿಸಿತು.

ಆದರೆ ಮಾವ ಸಾಕ್ಷಿಯನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ. ನನಗೆ ಹೇಳಲು ಅತ್ತೆಯಿಲ್ಲ, ಕಂಬವೂ ಇಲ್ಲ. ಎದುರಿಗಿದ್ದ ಚಪ್ಪಡಿಗೇ ಹೇಳಿದರು.

"ಯಾರಾದ್ರೇನು, ಕೈ ಕೈಯೇ. ಒಂದ್ಸಲ ಕೈ ಒಳಗಿಟ್ಟು ನೋಡಿದ್ರೆ ಗೊತ್ತಾಗ್ತದೆ, ಒಳಗಿರೋನ ಕಷ್ಟ."

ಪಕ್ಕದಲ್ಲಿ ಶಾಲೆಯ ಮಕ್ಕಳು ಕೈ ತೂರಿಸಿ ಕಿರುಚಿ ನಗುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಇವರಿಗೆ ಕೈ ಇಡಬೇಕಷ್ಟೇ ತಾನೇ ಎಂದುಕೊಂಡು ಹತ್ತಿರದ ತೂತಿನೊಳಗೆ ಬಲಗೈಯನ್ನು ಬಲವಾಗಿ ತಳ್ಳಿದೆ. ಅದು ಉಳಿದವಕ್ಕಿಂತ ಕಿರಿದಾದ ತೂತು. ಕೈ ಹೋಯಿತು, ಹಸಿರು ಗಾಜಿನ ಬಳೆಗಳೂ ಒಂದರ ಮೇಲೊಂದು ಒತ್ತಿಕೊಂಡು ಹೋದವು. ನಂತರ ಎಳೆದರೆ ಬರಲಿಲ್ಲ. ಬಳೆಗಳು ಕಲ್ಲಿನ ಆಚೆ ಅಡ್ಡಗಟ್ಟಿ ನಿಂತುಬಿಟ್ಟಿದ್ದವು. ಇನ್ನೊಮ್ಮೆ ಎಳೆದೆ. ಎರಡು ಬಳೆ ಒಳಗೇ ಒಡೆದು ಮಣಿಕಟ್ಟಿಗೆ ಚುಚ್ಚಿದವು.

ಬಳೆ ಒಡೆದ ಸದ್ದಿಗೆ ಮಾವ ತಿರುಗಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಜೈಲಿನಲ್ಲಿ ಗಂಡ ಇರುವ ಹೆಂಗಸಿನ ಬಳೆ ಸೆರೆಮನೆಯಲ್ಲಿ ಒಡೆಯಿತು ಎಂದರೆ ನಮ್ಮಲ್ಲಿ ಏನೆಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಕೈ ತೆಗಿಯಮ್ಮ," ಎಂದರು. ನನಗೇ ಹೇಳಿದರು, ಚಪ್ಪಡಿಗಲ್ಲ.

"ಬರ್ತಿಲ್ಲ," ಎಂದೆ. ನಾನೂ ಅವರಿಗೇ ಹೇಳಿದೆ.

ಜಾಗ ತೋರಿಸುವ ಮುದುಕ ಎಣ್ಣೆ ತರುತ್ತೇನೆ ಎಂದು ಮೇಲೆ ಓಡಿದ, ಓಡಿದವನು ಬರಲಿಲ್ಲ. ಮೇಷ್ಟರು ಮಕ್ಕಳನ್ನು ಗದರಿಸಿ ದೂರ ಕರೆದೊಯ್ದರು. ಕೈ ಬಾತುಕೊಳ್ಳಲು ಶುರುವಾಯಿತು. ಉಳಿದ ಬಳೆಗಳನ್ನೂ ಒಡೆಯದೆ ಬೇರೆ ದಾರಿಯಿರಲಿಲ್ಲ. ಅದನ್ನು ನಾನು ಎಡಗೈಯಲ್ಲಿ ಮಾಡಲಾರೆ, ಕಲ್ಲಿನ ಆ ಬದಿಗೆ ಸುತ್ತಿ ಹೋಗಬೇಕು. ಮಾವ ಹೋದರು. ಕೊಡೆಯ ಹಿಡಿಯಿಂದ ಒಂದೊಂದಾಗಿ ಬಳೆಗೆ ಬಡಿದರು. ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು. ಮಗ ಬದುಕಿರುವಾಗ ಸೊಸೆಯ ಬಳೆಯನ್ನು ಮಾವನೇ ಒಡೆದರು. ಗುರಿ ತಪ್ಪಿ ಎರಡು ಏಟು ನನ್ನ ಗಿಣ್ಣಿಗೆ ಬಿದ್ದವು. ಪ್ರತಿ ಏಟಿಗೂ "ಶಿವಶಿವಾ" ಎನ್ನುತ್ತಿದ್ದರು.

ಕೈ ಬಿಡಿಸಿಕೊಂಡು ನಿಂತೆ. ರಕ್ತ ಒಸರುತ್ತಿತ್ತು. ನೋವಿತ್ತು. ಕಣ್ಣು ಒಣಗಿತ್ತು.

"ನಿಮ್ಮತ್ತೆಗೆ ಹೇಳಬೇಡ," ಎಂದರು.

"ಬರೀ ಕೈ ನೋಡಿದ್ರೆ ಅವರಿಗೆ ಗೊತ್ತಾಗಲ್ವಾ ಮಾವ?"

"ಏನು ಮಾಡ್ಲಿ? ನನಗಿರೋನು ಒಬ್ಬ ಮಗ."

"ನನಗೇನು ನಾಲ್ಕು ಜನ ಗಂಡಂದಿರಿದಾರಾ?"

ಅವರ ಎದುರು ಬಹುಶಃ ಯಾವ ಹೆಂಗಸೂ ಹೀಗೆ ಮಾತಾಡಿರಲಿಲ್ಲ. ಬಾಯಿಗೆ ಬಂದದ್ದನ್ನು ನಾನು ನಿಲ್ಲಿಸಲಿಲ್ಲ.

"ನಾಳೆ ನೀವು ಎಷ್ಟು ಕೆಮ್ಮಿದ್ರೂ ನಾನು ಅಳಲ್ಲ. ಅವರು ಬರೆದುಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ. ನನ್ನ ಕಣ್ಣೀರನ್ನ ನೀವು ಕೋರ್ಟಿಗೆ ಹಾಕಬೇಡಿ."

ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದೆವು. ಹೊಳೆಯ ದಡದಲ್ಲಿ ಅತ್ತೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಪ್ರಸನ್ನವಾಗಿ ಕೂತಿದ್ದರು. ನನ್ನ ಬರಿಗೈ ಕಂಡದ್ದೇ ಎದ್ದು ಬಂದರು. ಏನಾಯಿತೆಂದು ಕೇಳಿ ತಿಳಿದುಕೊಂಡರು. ಕೂಗಾಡಲಿಲ್ಲ. ಸೀರೆಯಂಚಿನಿಂದ ಎಳೆ ಕಿತ್ತು, ಚೀಲದಲ್ಲಿದ್ದ ಅರಿಶಿನಕ್ಕೆ ತಿಕ್ಕಿ, ಮಣಿಕಟ್ಟಿಗೆ ಗಂಟು ಹಾಕಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಮಗ ಇರೋವಾಗ್ಲೇ ಸೊಸೆ ಬಳೆ ಒಡೆದ್ರಲ್ಲ. ನಿಮಗೆ ಕೈಯಾದ್ರೂ ಹೇಗೆ ಬಂತು?"

ಅಷ್ಟು ಹೇಳಿ ಅವರ ಜೊತೆ ಮಾತು ಬಿಟ್ಟರು. ರಂಗನಾಥನ ಗುಡಿಯ ಬೀದಿಯಲ್ಲಿ ಬಳೆಗಾರ ಕೂತಿದ್ದ. ಗಾಯವಾದ ಕೈಯನ್ನು ಹಿಂಡಿ ಹಿಂಡಿ ಅವನು ಹೊಸ ಬಳೆ ತೊಡಿಸಿದ. ಬಳೆ ಬಿಗಿಯಾಗೇ ಇರಲಿ ಎಂದು ಅತ್ತೆ ಹೇಳುತ್ತಿದ್ದರು. ಮಾವ ದೂರ ನೆರಳಿನಲ್ಲೇ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಛತ್ರಕ್ಕೆ ವಾಪಸಾದ ಮೇಲೆ ಮಾವನಿಗೆ ನೀರು ಬೇಕಾದರೆ ಹೇಳಲು ಯಾರೂ ಇರಲಿಲ್ಲ. ತಾವೇ ಎದ್ದು ಬಗ್ಗಿಸಿಕೊಂಡು ಕುಡಿದರು.

ಮರುದಿನ ಜೈಲಿನ ಬಾಗಿಲಲ್ಲಿ ಇಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ತಾಯಿ ಹೋಗುವುದು ನ್ಯಾಯ. ಮಾವ ನ್ಯಾಯ ನೋಡಲಿಲ್ಲ, ತಮ್ಮ ಹೆಸರು ಮತ್ತು ನನ್ನ ಹೆಸರು ಹೇಳಿದರು. ಆ ಸೆರೆಮನೆಯಲ್ಲಿ ಅಷ್ಟೆಲ್ಲ ಮಾತಾಗಿದ್ದರೂ, ಮಗನ ಮುಖ ಕಂಡರೆ ಇವಳು ಕರಗುತ್ತಾಳೆ ಎಂದು ಅವರಿಗೆ ಇನ್ನೂ ಆಸೆಯಿತ್ತು. ಅತ್ತೆ ಉಂಡೆಯ ಗಂಟನ್ನು ನನ್ನ ಕೈಗೆ ಕೊಟ್ಟರು.

"ನಿನಗೆ ಹೇಗೆ ಬರ್ತದೋ ಹಾಗೆ ಮಾಡು ಮಾರಾಯ್ತಿ. ಅವನು ಮನೆಗೆ ಬರ್ಲಿ, ಅಷ್ಟೇ," ಎಂದು ಮರದ ಕೆಳಗೆ ಹೋಗಿ ಕೂತರು.

ಸಣ್ಣ ಕೋಣೆ. ಒಂದು ಮೇಜು, ಅದರ ಹಿಂದೆ ಒಬ್ಬ ಅಧಿಕಾರಿ, ಬಾಗಿಲಲ್ಲಿ ಒಬ್ಬ ಕಾವಲಿನವನು. ನಮ್ಮವರನ್ನು ಕರೆತಂದರು. ತಲೆಗೂದಲು ಕತ್ತರಿಸಿದ್ದರು. ಕುತ್ತಿಗೆ ಸಣ್ಣದಾಗಿ, ಕಿವಿಗಳು ದೊಡ್ಡದಾಗಿ ಕಂಡವು. ಬೆರಳ ಸಂದಿಯಲ್ಲಿ ಕಜ್ಜಿ. ಮಾವ ಮೊದಲು ಮನೆಯ ಸುದ್ದಿ ಮಾತಾಡಿದರು. ನಮ್ಮವರು ಹೂಂ ಹೂಂ ಎನ್ನುತ್ತಾ ನನ್ನನ್ನೇ ನೋಡುತ್ತಿದ್ದರು. ಅಷ್ಟು ನೆಟ್ಟ ದೃಷ್ಟಿಯಲ್ಲಿ ಅವರು ನನ್ನನ್ನು ಮದುವೆಯ ದಿನವೂ ನೋಡಿರಲಿಲ್ಲ.

ಮಾವ ಕೆಮ್ಮಿದರು. ನಾನು ಮೇಜಿನ ಮೇಲಿನ ಮಸಿಕುಡಿಕೆ ನೋಡಿದೆ. ಮತ್ತೆ ಕೆಮ್ಮಿದರು. ಮೂರನೆಯ ಸಲ ಎಷ್ಟು ಜೋರಾಗಿ ಕೆಮ್ಮಿದರೆಂದರೆ ಅಧಿಕಾರಿ ಕಾವಲಿನವನಿಗೆ ನೀರು ತರಲು ಹೇಳಿದ.

"ನೀನು ಹೇಗಿದೀಯ?" ನಮ್ಮವರು ಕೇಳಿದರು.

"ಚೆನ್ನಾಗಿದೀನಿ."

"ಭದ್ರಾವತಿ ಮನೆ?"

"ಬೇರೆಯೋರು ಬಂದಿದಾರೆ."

"ನಿನಗೆ ಕಷ್ಟ ಆಗ್ತಿದೆಯಾ?"

ಆಗುತ್ತಿತ್ತು. ಬೆಳಗ್ಗೆ ಎದ್ದ ಕ್ಷಣದಿಂದ ಮಲಗುವವರೆಗೆ ಆಗುತ್ತಿತ್ತು. ಪಕ್ಕದಲ್ಲಿ ಮಾವ ನೀರಿನ ಲೋಟ ಹಿಡಿದು, ಕುಡಿಯದೆ, ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ತುಟಿ ನನ್ನ ಮಾತಿಗೆ ಮೊದಲೇ ಅಲ್ಲಾಡುತ್ತಿತ್ತು.

"ಇಲ್ಲ. ಏನೂ ಕಷ್ಟ ಇಲ್ಲ," ಎಂದೆ.

ನಮ್ಮವರು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. ಅದನ್ನು ನಾನು ಹೆಮ್ಮೆ ಎಂದುಕೊಂಡೆ. ಆಮೇಲೆ ಮಾವ ಮುಚ್ಚಳಿಕೆಯ ಮಾತು ತಾವೇ ತೆಗೆದರು, ಕೆಲಸದ ಮಾತು, ತಾಯಿಯ ಮೊಣಕಾಲಿನ ಮಾತು, ಎಲ್ಲ ಹೇಳಿದರು. ಮಗ ತಲೆ ತಗ್ಗಿಸಿಕೊಂಡು ಕೇಳಿ, "ಆಗಲ್ಲ ಅಪ್ಪ" ಎಂದರು. ಹೊತ್ತಾಯಿತು ಎಂದು ಅಧಿಕಾರಿ ಎದ್ದ. ಉಂಡೆಯ ಗಂಟು ತಪಾಸಣೆಗೆಂದು ಮೇಜಿನ ಮೇಲೇ ಉಳಿಯಿತು.

ಮರದ ಕೆಳಗೆ ಅತ್ತೆ ನನ್ನ ಮುಖ ನೋಡಿದರು, ಚೀಲ ಎತ್ತಿಕೊಂಡು ಎದ್ದರು. ಊರಿಗೆ ಬಂದ ಮೇಲೆ ಮಾವ ಮತ್ತೆ ಕಂಬಕ್ಕೆ ಮಾತಾಡತೊಡಗಿದರು. ನಾನು ಬಾಗಿಲಿಗೆ ಉತ್ತರ ಕೊಡುವುದನ್ನೂ ನಿಲ್ಲಿಸಿದೆ. ಆ ಮನೆಯಲ್ಲಿ ಮುಂದಿನ ಮಳೆಗಾಲ ಕಳೆಯುವವರೆಗೆ ಪಾತ್ರೆಗಳ ಸದ್ದೇ ಹೆಚ್ಚು.

ಶಿಕ್ಷೆ ಮುಗಿಸಿಕೊಂಡು ನಮ್ಮವರು ಬಂದ ದಿನ ಶಿವಮೊಗ್ಗದ ಸ್ಟೇಷನ್ನಿನಲ್ಲಿ ಜನ ಹಾರ ಹಿಡಿದು ನಿಂತಿದ್ದರು. ಮುಚ್ಚಳಿಕೆ ಬರೆದುಕೊಟ್ಟು ಬಂದವರಿಗೆ ಹಾರವಿರಲಿಲ್ಲ, ಇವರಿಗಿತ್ತು. ಮಾವನಿಗೂ ಒಂದು ಹಾರ ಬಿತ್ತು. ಬಿದ್ದದ್ದೇ ತಡ ಅವರು ಹೊಸ ಸಾಕ್ಷಿ ತಯಾರು ಮಾಡಿದರು. "ನನ್ನ ಸೊಸೆ ಜೈಲಿನಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನೇ ಕರ್ಕೊಂಡು ಹೋಗಿದ್ದೆ, ಧೈರ್ಯವಾಗಿರ್ಬೇಕು ಅಂತ ಹೇಳಿಕೊಟ್ಟು," ಎಂದು ದುರ್ಗಿಗುಡಿಯ ಮನೆಮನೆಯಲ್ಲಿ ಹೇಳಿಕೊಂಡು ಬಂದರು. ನಮ್ಮ ಜಗಲಿಗೆ ಬಂದ ಹೆಂಗಸರು ನನ್ನನ್ನು ಹೊಸದಾಗಿ ನೋಡಿದರು. ಅಲ್ಲಗಳೆಯಲು ನನಗೆ ಬೇಜಾರಾಗಿತ್ತು.

ಮಾರನೆಯ ಬೆಳಗ್ಗೆ ಹಿತ್ತಲಿನ ಬಚ್ಚಲಲ್ಲಿ ನಮ್ಮವರ ಕಜ್ಜಿಗೆ ಬೇವಿನ ಸೊಪ್ಪಿನ ನೀರು ಹಾಕುತ್ತಿದ್ದೆ. ಅವರು ಕಲ್ಲಿನ ಮೇಲೆ ಮೊಣಕಾಲು ಕಟ್ಟಿ ಕೂತಿದ್ದರು. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಮುಂದೆ ಜಗಲಿಯಲ್ಲಿ ಮಾವ ಯಾರಿಗೋ ಅದೇ ಕತೆ ಹೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸುತ್ತಿತ್ತು.

"ಅವತ್ತು ನೀನು ಯಾಕೆ ಅಳ್ಲಿಲ್ಲ?" ಎಂದು ನಮ್ಮವರು ನೆಲ ನೋಡುತ್ತಾ ಕೇಳಿದರು.

ಹೊಗಳುತ್ತಾರೆ ಎಂದುಕೊಂಡೆ. "ಯಾಕೆ?"

"ಅಪ್ಪ ನಿನ್ನ ಕರ್ಕೊಂಡು ಬರ್ತಾರೆ ಅಂತ ಗೊತ್ತಾದಾಗಿಂದ ಅದನ್ನೇ ಕಾಯ್ತಿದ್ದೆ. ನೀನು ಒಂದ್ಸಲ ಅತ್ತಿದ್ರೆ ಬರೆದುಕೊಟ್ಟುಬಿಡ್ತಿದ್ದೆ. ಅವಳಿಗೋಸ್ಕರ ಬರೆದುಕೊಟ್ಟೆ ಅಂತ ಒಳಗಿದ್ದೋರಿಗೆ ಹೇಳಬಹುದಿತ್ತು. ನೀನು ಏನೂ ಕಷ್ಟ ಇಲ್ಲ ಅಂದೆ. ಆಮೇಲೆ ನಾನು ಹೇಗೆ ಬರೆಯೋದು?"

ನನ್ನ ಕೈಯಲ್ಲಿ ಚೊಂಬಿತ್ತು. ಅದರಲ್ಲಿದ್ದ ನೀರನ್ನು ಅವರ ತಲೆಯ ಮೇಲೆ ಹೊಯ್ದೆ. ತಣ್ಣಗಾಗಿದ್ದ ನೀರು, ಅವರು ಬೆಚ್ಚಿದರು.

"ಬಾಯಿ ಇತ್ತಲ್ಲ, ಕೇಳಬಹುದಿತ್ತು," ಎಂದೆ.

"ಅಪ್ಪ ಇದ್ರು. ಜೈಲಿನೋರಿದ್ರು. ಹೇಗೆ ಕೇಳ್ಲಿ?"

ಅಳು ಬಂದದ್ದು ಆಗ. ನನಗೆ ತಡೆಯಲಾಗಲಿಲ್ಲ. ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿ, ಗೋಡೆಗೆ ಹಣೆಯಾನಿಸಿ ಅತ್ತೆ. ಹೋದ ಮನೆಗೆ, ಒಡೆದ ಬಳೆಗೆ, ಹೇಳದೆ ಹೊರಟ ಆ ಬೆಳಗಿಗೆ, ಎಲ್ಲಕ್ಕೂ ಸೇರಿಸಿ ಅತ್ತೆ. ಅವರು ಒದ್ದೆ ಮೈಯಲ್ಲೇ ಎದ್ದು ಬಂದು ಭುಜ ಮುಟ್ಟಿದರು.

"ಮುಟ್ಟಬೇಡಿ," ಎಂದೆ. "ಇದು ನಿಮಗಲ್ಲ."